ತಗಡಿನ ಕಾರಿಗೆ ಆಯುಧಪೂಜೆ

ಮೊದಲು, ಏನೇನು ಕೆಡಬಹುದಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಮುಂದಕ್ಕೆ ಹೋಗುವುದು ನನ್ನ ಜಾಯಮಾನದಲ್ಲಿಲ್ಲ.

ತಗಡಿನ ಆಟಿಕೆ ಕಾರಿನ ಮೋಟಾರು ಸುಟ್ಟುಹೋಗಬಹುದಿತ್ತು. ಹಳೆಯ ತಂತಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಅದರ ಹೊದಿಕೆ. ಕರೆಂಟು ಹರಿದ ಮೊದಲ ಕ್ಷಣದಲ್ಲೇ ಚಿಟ್ ಎಂದು ಹೊಗೆಯೆದ್ದು ಎಲ್ಲ ಮುಗಿಯಬಹುದಿತ್ತು. ಕಿಡಿ ಕಾರ್ಪೆಟ್ಟಿಗೆ ಹಾರಬಹುದಿತ್ತು. ಕಾರ್ಪೆಟ್ಟಿನಿಂದ ಪರದೆಗೆ, ಪರದೆಯಿಂದ ಗೊಂಬೆ ಕೂರಿಸಿದ್ದ ಮೆಟ್ಟಿಲಿಗೆ, ಅಲ್ಲಿಂದ ಪಟ್ಟದ ಗೊಂಬೆಯ ರೇಷ್ಮೆ ಸೀರೆಗೆ ಬೆಂಕಿ ಏರಬಹುದಿತ್ತು. ಹಳೆಯ ಟ್ರಾನ್ಸ್‌ಫಾರ್ಮರ್ ಅಪಾಯವೆಂದು ಬ್ಯಾಟರಿ ತಂದಿದ್ದೆ, ಬ್ಯಾಟರಿ ಸೋರಬಹುದಿತ್ತು. ತಂತಿಯನ್ನು ನಾನು ತಿರುವುಮುರುವಾಗಿ ಜೋಡಿಸಿ ಕಾರು ಹಿಂದಕ್ಕೆ ಓಡಬಹುದಿತ್ತು. ತಿರುವಿನಲ್ಲಿ ಹಾರಿ, ಕೋಣೆ ಬಿಸಿಮಾಡುವ ರೇಡಿಯೇಟರಿಗೆ ಬಡಿದು ಮೂಗು ಜಜ್ಜಿಕೊಳ್ಳಬಹುದಿತ್ತು. ಮಗಳು ಅದರ ಮೇಲೆ ಕಾಲಿಡಬಹುದಿತ್ತು. ನಾನೇ ಕಾಲಿಡಬಹುದಿತ್ತು, ಮನೆಯವರ ಅಂದಾಜಿನಲ್ಲಿ ಹೆಚ್ಚು ಸಂಭವವಿದ್ದದ್ದು ಇದಕ್ಕೇ. ದ್ರಾಕ್ಷಿಯ ರಸ ಲೋಹದ ಪಟ್ಟಿಗೆ ತಗುಲಿ ಶಾರ್ಟ್ ಆಗಬಹುದಿತ್ತು. ದ್ರಾಕ್ಷಿ ಎಲ್ಲಿಂದ ಬಂತು ಎಂದು ಆಮೇಲೆ ಹೇಳುತ್ತೇನೆ. ಪಕ್ಕದ ಮನೆಯ ಹೆರಾಲ್ಡ್ ಅತ್ತುಬಿಡಬಹುದಿತ್ತು. ಅವರನ್ನು ನೋಡಿ ನಾನೂ ಅತ್ತು, ನನ್ನನ್ನು ನೋಡಿ ಮಗಳು ನಾಚಿಕೆಯಿಂದ ಸೋಫಾದ ಹಿಂದೆ ಅಡಗಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆರು ವರ್ಷದ ಹಿಂದಿನ ಆ ದಿನ ಆದದ್ದು ಬೇರೆ, ಮತ್ತು ತೀರ ಚಿಕ್ಕದು.

ಮೊನ್ನೆ ನವರಾತ್ರಿಗೆಂದು ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದೆವು. ಹಳೆಯ ಪತ್ರಿಕೆಯ ಸುರುಳಿ ಬಿಚ್ಚುತ್ತಾ ಹೋದಂತೆ ರಾಜ, ರಾಣಿ, ತೂಕದ ಕಲ್ಲು ಕಳೆದುಕೊಂಡಿರುವ ಶೆಟ್ಟಿ, ಅವನ ಹೆಂಡತಿ ಎಲ್ಲರೂ ಒಬ್ಬೊಬ್ಬರಾಗಿ ಹೊರಬಂದರು. ಕಡೆಯ ಸುರುಳಿಯಲ್ಲಿ ಮೊಳಕೈ ಉದ್ದದ, ಬಾಗಿದ, ಕಪ್ಪು ರಬ್ಬರಿನ ತುಂಡು. ಅದರ ಮೈಮೇಲೆ ಅಕ್ಕಪಕ್ಕ ಎರಡು ಸೀಳು, ಸೀಳಿನ ಎರಡೂ ಅಂಚಿಗೆ ಲೋಹದ ಪಟ್ಟಿ. ತಿಳಿಯದವರು ಯಾವುದೋ ಯಂತ್ರದಿಂದ ಕಳಚಿದ್ದೆಂದು ಕಸಕ್ಕೆ ಹಾಕಿಬಿಟ್ಟಾರು.

"ರೀ, ಇದನ್ನ ಈ ಸಲ ಎಲ್ಲಿಡೋಣ?" ಎಂದು ಕೇಳಿದಳು ವಾಣಿ.

ನಾನು ಅದನ್ನು ಕೈಯಲ್ಲಿ ಹಿಡಿದು ಮಹಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ವಾಣಿ ಪಟ್ಟದ ಗೊಂಬೆಗೆ ಸೀರೆ ಉಡಿಸತೊಡಗಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ನಾನು ಮೆಟ್ಟಿಲ ಮೇಲೆ ಕುಳಿತರೆ ಗೊಂಬೆ ಜೋಡಿಸುವ ಕೆಲಸ ಪೂರ್ತಿ ತನ್ನದೇ ಎಂದು ಅವಳಿಗೆ ಗೊತ್ತು.

ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನಿಮಗೆ ನಾನು ಬರೀ ಪುಕ್ಕಲನಾಗಿ ಕಾಣುತ್ತೇನೆ. ಹೇಳಿದರೆ ಸಂಬಳ ಪಡೆಯುವ ಪುಕ್ಕಲನಾಗಿ ಕಾಣುತ್ತೇನೆ, ಅಷ್ಟೇ. ಮ್ಯಾಂಚೆಸ್ಟರಿಗೂ ಲಿವರ್‌ಪೂಲಿಗೂ ನಡುವೆ ವಾರಿಂಗ್ಟನ್ ಇದೆ. ಅದರ ಅಂಚಿನ ಬರ್ಚ್‌ವುಡ್ಡಿನಲ್ಲಿ ಅಣುಸ್ಥಾವರಗಳ ಸುರಕ್ಷತೆ ನೋಡುವ ಆಫೀಸೊಂದರಲ್ಲಿ ನನ್ನ ಕುರ್ಚಿ. ನಾವು ನಾಲ್ಕಾರು ಜನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ನಕ್ಷೆಯಲ್ಲಿರುವ ಒಂದೊಂದು ಕೊಳವೆಯ ಮೇಲೂ ಬೆರಳಿಟ್ಟು ಕೇಳುತ್ತೇವೆ: ಇಲ್ಲಿ ಹರಿವು ಹೆಚ್ಚಾದರೆ? ಕಡಿಮೆಯಾದರೆ? ನಿಂತೇಹೋದರೆ? ಹಿಂದಕ್ಕೆ ಹರಿದರೆ? ಮತ್ತೆ ಮುಂದಿನ ಕೊಳವೆ. ಮಧ್ಯೆ ಚಹಾ, ಬಿಸ್ಕತ್ತು. ಈ ಕೆಲಸಕ್ಕೆ ದುಡ್ಡು ಕೊಡುತ್ತಾರೆ ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಗಿತ್ತು. ಅಲ್ಲಿಯವರೆಗೂ ಅದನ್ನು ಮನೆಮಂದಿಗೆಲ್ಲ ಪುಕ್ಕಟೆ ಮಾಡಿಕೊಡುತ್ತಿದ್ದೆ.

ವಾಣಿ ಆಸ್ಪತ್ರೆಯ ಡಾಕ್ಟರು. "ನಾನು ಕಾಯಿಲೆ ಬಂದವ್ರನ್ನ ನೋಡ್ತೀನಿ. ನೀವು ಕಾಯಿಲೆ ಬರೋಕ್ ಮುಂಚೆನೇ ಮಲಗ್ಬಿಟ್ಟಿರ್ತೀರ," ಎನ್ನುತ್ತಾಳೆ. ಮಗಳು ಅದಿತಿ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು "ಆದರೆ..." ಎಂದು ಬಾಯಿ ತೆರೆದರೆ ಸಾಕು, "ಅಪ್ಪ, ನೋ ಪೈಪ್ಸ್ ಪ್ಲೀಸ್," ಎನ್ನುತ್ತಾಳೆ.

ಇನ್ನು ಹೆರಾಲ್ಡ್. ನಮ್ಮದು, ಈ ಕಡೆ ಬೀದಿಯಲ್ಲೆಲ್ಲ ಇರುವಂತೆ, ಅವಳಿ ಮನೆ. ನಡುವಿನ ಗೋಡೆಯೊಂದನ್ನು ಎರಡು ಸಂಸಾರ ಹಂಚಿಕೊಳ್ಳಬೇಕು. ಆ ಬದಿಯಲ್ಲಿ ಹೆರಾಲ್ಡ್ ಮತ್ತು ಜೋನ್ ಇದ್ದರು. ಹೆರಾಲ್ಡ್ ಊರಿನ ತಂತಿ ಕಾರ್ಖಾನೆಯಿಂದ ನಿವೃತ್ತರಾದವರು. ಮಕ್ಕಳಿಲ್ಲ. ನಾವು ಈ ಮನೆಗೆ ಬಂದ ಹೊಸತರಲ್ಲಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಗೋಡೆಯಾಚೆಯಿಂದ ಒಂದು ಸದ್ದು ಬರುತ್ತಿತ್ತು. ಝುಂಯ್ ಎಂದು ಏರಿ, ತುಸು ತಗ್ಗಿ, ಮತ್ತೆ ಝುಂಯ್. ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆಯಂತೆ.

ನಾನು ಎರಡು ಭಾನುವಾರ ಸಹಿಸಿದೆ. ಮೂರನೆಯದಕ್ಕೆ, ಇದು ಒಡೆಯಲು ಸಿದ್ಧವಾದ ಬಾಯ್ಲರ್ ಎಂದು ಖಚಿತ ಮಾಡಿಕೊಂಡು, ವಿಷಾನಿಲದ ಬಗ್ಗೆ ಒಂದು ಪುಟ್ಟ ಭಾಷಣ ತಯಾರಿಸಿಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ "ತೆಗೆದೇ ಇದೆ" ಎಂದರು. ಮುಂದಿನ ಕೋಣೆಯಲ್ಲಿ ಮೇಜು ಕುರ್ಚಿಯನ್ನೆಲ್ಲ ಗೋಡೆಗೆ ಒತ್ತರಿಸಿದ್ದರು. ನೆಲದ ತುಂಬ ಕಪ್ಪು ರಬ್ಬರಿನ ಹಾದಿ. ಅದರ ಬದಿಯಲ್ಲಿ ಎಪ್ಪತ್ತರ ಅಂಚಿನ ಗಂಡ ಹೆಂಡತಿ ಮೆತ್ತೆ ಹಾಕಿಕೊಂಡು ಕುಳಿತಿದ್ದಾರೆ, ಇಬ್ಬರ ಹೆಬ್ಬೆರಳೂ ಒಂದೊಂದು ಗುಂಡಿಯ ಮೇಲೆ. ಹೆಂಡತಿಯದು ಕೆಂಪು ಕಾರು, ಗಂಡನದು ಹಸಿರು.

ಜೋನ್ ತಲೆಯೆತ್ತಲಿಲ್ಲ. "ಒಳಗೆ ಬಾ ಲವ್. ಇವನನ್ನ ಸೋಲಿಸಿಬಿಟ್ಟು ಟೀ ಮಾಡ್ತೀನಿ," ಎಂದರು.

ಇವರ ಮಾತೆಲ್ಲ ವಾರಿಂಗ್ಟನ್ನಿನ ಇಂಗ್ಲಿಷು. ನನ್ನ ಕಿವಿಯಲ್ಲಿ ಅದು ಮೈಸೂರಿನ ಕನ್ನಡವಾಗಿ ಉಳಿದುಕೊಂಡಿರುವುದರಿಂದ ಹಾಗೇ ಬರೆಯುತ್ತಿದ್ದೇನೆ. 'ಲವ್' ಮಾತ್ರ ಬದಲಿಸಲಾಗಲಿಲ್ಲ. ಇಲ್ಲಿ ಬಸ್ ಡ್ರೈವರನಿಂದ ತರಕಾರಿಯಾಕೆಯವರೆಗೆ ಎಲ್ಲರೂ ಎಲ್ಲರನ್ನೂ ಹಾಗೆ ಕರೆಯುತ್ತಾರೆ. ಹೆರಾಲ್ಡ್ ನನ್ನನ್ನು 'ಲ್ಯಾಡ್' ಎನ್ನುತ್ತಿದ್ದರು. ಅಂದರೆ ಹುಡುಗ. ನಲವತ್ತು ದಾಟಿ, ತಲೆಯ ಮೇಲೆ ಅಂಗಳ ಕಾಣುತ್ತಿದ್ದ ನನಗೆ ಅದರಿಂದ ಆದ ಸಂತೋಷವನ್ನು ಯಾರಿಗೂ ಹೇಳಿಕೊಂಡಿಲ್ಲ.

ಅವತ್ತು ಜೋನ್ ಗೆದ್ದರು. ಯಾವತ್ತೂ ಅವರೇ ಗೆಲ್ಲುವುದಂತೆ. "ಒತ್ತೋದು ಯಾರಿಗ್ ಬೇಕಾದ್ರೂ ಬರತ್ತೆ," ಎಂದು ಟೀ ಸುರಿಯುತ್ತಾ ಹೇಳಿದರು. "ತಿರುವು ಬರೋಕ್ ಮುಂಚೆ ಬೆರಳು ಬಿಡ್ಬೇಕು. ಇವನಿಗೆ ಬಿಡೋಕೇ ಬರಲ್ಲ."

"ಇವಳು ಮೋಸ ಮಾಡ್ತಾಳೆ," ಎಂದರು ಹೆರಾಲ್ಡ್.

"ಹೇಗೆ ಅಂತ ಹೇಳು ನೋಡೋಣ."

"ಗೊತ್ತಿದ್ರೆ ನಾನೂ ಮಾಡ್ತಿರ್ಲಿಲ್ವಾ?"

ಆ ಕಾರುಗಳನ್ನು ನಾನು ಮೊದಲು ಕೈಗೆ ತೆಗೆದುಕೊಂಡದ್ದೂ ಅವತ್ತೇ. ಇವತ್ತಿನ ಪ್ಲಾಸ್ಟಿಕ್ಕಿನದಲ್ಲ, ತಗಡಿನವು. ಗುಂಡು ಮೂಗು, ನಡುವೆ ಹೆಲ್ಮೆಟ್ ಹಾಕಿದ ಚಾಲಕನ ಬಟಾಣಿ ಗಾತ್ರದ ತಲೆ. ತಿರುಗಿಸಿ ಹೊಟ್ಟೆ ನೋಡಿದರೆ ಒಂದು ಪುಟ್ಟ ಚಕ್ರ. ಅದು ಸೀಳಿನಲ್ಲಿ ಇಳಿದು, ಅಂಚಿನ ಪಟ್ಟಿಗಳಿಂದ ಕರೆಂಟನ್ನು ಎಳೆದುಕೊಂಡು ಮೇಲಿರುವ ಮೋಟಾರಿಗೆ ಕೊಡುತ್ತದೆ. ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ. ಒತ್ತಿದರೆ ಓಡು, ಬಿಟ್ಟರೆ ನಿಲ್ಲು. ವೇಗ ಹೆಚ್ಚು ಕಡಿಮೆ ಮಾಡುವ ಹಿಡಿಕೆಗಳೆಲ್ಲ ಆಮೇಲೆ ಬಂದವಂತೆ.

ಈ ಆಟದ ಪೂರ್ವೋತ್ತರವನ್ನು ಹೆರಾಲ್ಡ್ ನನಗೆ ಕಂತುಕಂತಾಗಿ, ಬೇಲಿಯ ಮೇಲಿನಿಂದ ಹೇಳಿದ್ದಾರೆ. ಅವರು ಹೇಳಿದಂತೆ ನಾನೂ ಹೇಳುತ್ತೇನೆ, ತಪ್ಪಿದ್ದರೆ ಬೇಲಿಯದು. ಬಹಳ ಹಿಂದೆ, ಮೊದಲ ಮಹಾಯುದ್ಧಕ್ಕೂ ಮುಂಚೆ, ಅಮೆರಿಕದಲ್ಲಿ ಆಟಿಕೆ ರೈಲು ಮಾಡುವವರು ಕರೆಂಟಿನ ಮೇಲೆ ಓಡುವ ಕಾರೊಂದನ್ನು ಮಾಡಿದ್ದರಂತೆ. ಅದು ಹೆಚ್ಚು ದಿನ ನಡೆಯಲಿಲ್ಲ. ಎರಡನೆಯ ಯುದ್ಧ ಮುಗಿದ ಮೇಲೆ ಈ ದೇಶದ ಹವ್ಯಾಸಿಗಳು, ನಮ್ಮಿಂದ ಪಶ್ಚಿಮಕ್ಕಿರುವ ಕಡಲತೀರದ ಊರಿನವರೂ ಸೇರಿ, ದೊಡ್ಡ ಹಲಗೆಗಳ ಮೇಲೆ ಕಾರು ಓಡಿಸತೊಡಗಿದರು. ಆಗ ಸೀಳಿರಲಿಲ್ಲ. ಹಲಗೆಯ ಮೇಲೆ ಉಬ್ಬಿದ ಕಂಬಿಯಿತ್ತು. ಕಾರು ಅದನ್ನು ಕಾಲುಗಳ ನಡುವೆ ಹಿಡಿದುಕೊಂಡು ಓಡುತ್ತಿತ್ತು, ಕೋಲುಕುದುರೆಯ ಹುಡುಗನಂತೆ.

ಇತ್ತ ಅದೇ ಕಾಲದಲ್ಲಿ ಕೀ ಕೊಟ್ಟು ಓಡಿಸುವ ತಗಡಿನ ಕಾರು ಮಾಡುತ್ತಿದ್ದ ಒಬ್ಬ ಮಹಾಶಯನಿಗೆ ವ್ಯಾಪಾರ ಇಳಿಯತೊಡಗಿತು. ಕೀ ಕಾರು ಮಕ್ಕಳಿಗೆ ಸಾಕಾಗಿತ್ತು. ಆತ ಎಲ್ಲೋ ಪ್ರದರ್ಶನದಲ್ಲಿ ಕರೆಂಟಿನ ಕಾರುಗಳು ತಮ್ಮಷ್ಟಕ್ಕೆ ಗಿರಗಿರ ಸುತ್ತುವುದನ್ನು ನೋಡಿದನಂತೆ. ಜನ ಒಂದು ನಿಮಿಷ ನೋಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಯಾಕೆ? ನೋಡುವವನಿಗೆ ಮಾಡಲು ಏನೂ ಕೆಲಸವಿಲ್ಲ. ಅವನ ಕೈಗೊಂದು ಗುಂಡಿ ಕೊಟ್ಟರೆ? ಆತ ತನ್ನ ತಗಡಿನ ಕಾರಿನಿಂದ ಸ್ಪ್ರಿಂಗ್ ತೆಗೆದು ಮೋಟಾರು ಕೂರಿಸಿದ, ಉಬ್ಬಿನ ಕಂಬಿಯ ಬದಲು ಹಾದಿಯಲ್ಲೇ ಸೀಳು ಮಾಡಿದ, ಗುಂಡಿಯನ್ನು ಆಡುವವನ ಕೈಗಿತ್ತ. ಐವತ್ತರ ದಶಕದಲ್ಲಿ ಯಾರ್ಕ್‌ಶೈರಿನ ಒಂದು ಊರಲ್ಲಿ ಆಟಿಕೆ ವ್ಯಾಪಾರಿಗಳ ಮೇಳದಲ್ಲಿ ಅದನ್ನು ಇಟ್ಟಾಗ ಕೊಳ್ಳಲು ನೂಕುನುಗ್ಗಲಾಯಿತಂತೆ. ಆ ಮೊದಮೊದಲಿನ ಪೆಟ್ಟಿಗೆಗಳಲ್ಲಿ ಒಂದನ್ನು ಹೊಸದಾಗಿ ಮದುವೆಯಾದ ಹೆರಾಲ್ಡ್ ಮನೆಗೆ ತಂದರು.

"ಹುಟ್ಟೋ ಮಗೂಗೆ ಅಂತ ತಂದೆ," ಎಂದಿದ್ದರು. "ಮಗು ಬರ್ಲಿಲ್ಲ. ಸುಮ್ನೆ ಇಡೋದು ಯಾಕೆ ಅಂತ ನಾವೇ ಆಡಿದ್ವಿ." ಇದನ್ನು ಹೇಳಿ ಅವರು ಬೇಲಿಯ ಮೇಲಿನ ಎಲೆಯೊಂದನ್ನು ಕಿತ್ತು ಎಸೆದು, ನನ್ನ ಟೊಮ್ಯಾಟೊ ಗಿಡಗಳು ಯಾಕೆ ಸೊರಗಿವೆ ಎಂದು ವಿಚಾರಿಸಿದರು.

ಕೀ ಕೊಡುವ ಕಾರು ಎಂದಾಗ ನನಗೆ ನನ್ನದು ನೆನಪಾಗದೆ ಇರುತ್ತದೆಯೇ? ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಅಪ್ಪ ನನಗೆ ಒಂದು ವರ್ಷ ನೀಲಿ ಬಣ್ಣದ ತಗಡಿನ ಕಾರು ತಂದುಕೊಟ್ಟರು. ಕೊಡುವಾಗ ಒಂದು ಮಾತು ಸೇರಿಸಿದರು: "ಜಾಸ್ತಿ ಕೀ ಕೊಡ್ಬೇಡ, ಸ್ಪ್ರಿಂಗ್ ಕಟ್ಟಾಗತ್ತೆ." ಬೇರೆ ಹುಡುಗರಿಗೆ ಇಂಥ ಮಾತು ಗಾಳಿಯಲ್ಲಿ ಹೋಗುತ್ತದೆ. ನನಗೆ ನರದಲ್ಲಿ ಇಳಿಯಿತು. ಎಷ್ಟು ಕೊಟ್ಟರೆ ಜಾಸ್ತಿ? ತಿಳಿಯದು. ಹಾಗಾಗಿ ಒಂದು ಸುತ್ತು, ತೀರ ಧೈರ್ಯ ಬಂದ ದಿನ ಒಂದೂವರೆ. ಪಕ್ಕದ ಮನೆ ಮಕ್ಕಳ ಕಾರುಗಳು ಜಗಲಿಯ ಈ ತುದಿಯಿಂದ ಆ ತುದಿಗೆ ಓಡಿ ಮೋರಿಗೆ ಬೀಳುತ್ತಿದ್ದವು. ನನ್ನದು ಎರಡು ಗೇಣು ಹೋಗಿ, ಏನೋ ಮರೆತವರಂತೆ ನಿಂತುಬಿಡುತ್ತಿತ್ತು. ಅವರ ಕಾರುಗಳು ಆ ಬೇಸಿಗೆಯೊಳಗೆ ಹಾಳಾದವು. ನನ್ನದು ಈಗಲೂ ತಮ್ಮನ ಮನೆಯ ಗಾಜಿನ ಬೀರುವಿನಲ್ಲಿದೆ, ಬಣ್ಣ ಕೂಡ ಮಾಸಿಲ್ಲ. ಸ್ಪ್ರಿಂಗು ಗಟ್ಟಿಯಾಗಿದೆಯಂತೆ. ಒಂದು ಸಲವೂ ಅದು ಜಗಲಿ ದಾಟಲಿಲ್ಲ.

ಜೋನ್ ಒಂದು ಚಳಿಗಾಲದಲ್ಲಿ ತೀರಿಕೊಂಡರು. ಕಡೆಯ ವಾರಗಳಲ್ಲಿ ವಾಣಿ ತಿಳಿಸಾರು ಮಾಡಿ ಫ್ಲಾಸ್ಕಿನಲ್ಲಿ ತುಂಬಿ ಕೊಡುತ್ತಿದ್ದಳು. "ಇದು ಮೂಗಿಗೆ ಏರತ್ತೆ, ಚೆನ್ನಾಗಿದೆ," ಎಂದು ಜೋನ್ ಕುಡಿಯುತ್ತಿದ್ದರು. ಆಮೇಲೆ ಭಾನುವಾರ ಮಧ್ಯಾಹ್ನ ಗೋಡೆಯಾಚೆ ಸದ್ದಿಲ್ಲ. ಬಾಯ್ಲರ್ ಎಂದು ಹೆದರಿದ್ದವನು ಈಗ ಸದ್ದಿಲ್ಲವಲ್ಲ ಎಂದು ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದೆ.

ಅದರ ಮುಂದಿನ ಶರತ್ಕಾಲದಲ್ಲಿ ಹೆರಾಲ್ಡ್ ಬಂದು ಬಾಗಿಲು ತಟ್ಟಿದರು. ಮನೆ ಮಾರಿ, ಕಡಲತೀರದ ಊರಿನಲ್ಲಿರುವ ತಂಗಿಯ ಹತ್ತಿರ ಒಂದು ಸಣ್ಣ ಫ್ಲ್ಯಾಟಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕೈಯಲ್ಲಿ ರಟ್ಟಿನ ಪೆಟ್ಟಿಗೆ.

"ಹಳೇ ಆಟಿಕೆ ಕೂಡಿಡೋನೊಬ್ಬ ಬಂದಿದ್ದ," ಎಂದರು. "ತುಂಬಾ ಅಪರೂಪದ್ದು ಅಂದ. ಯಾವ ಕಾರಣಕ್ಕೂ ಕರೆಂಟು ಕೊಡ್ಬೇಡಿ, ಇಷ್ಟು ದಿನ ಸುಮ್ನಿದ್ದ ಮೋಟಾರು ಸುಟ್ಟು ಹೋದ್ರೆ ಇಂಥದ್ದು ಸಿಗಲ್ಲ, ಹಾಗೇ ಗಾಜಿನೊಳಗೆ ಇಡ್ಬೇಕು ಅಂದ."

"ಅವ್ನು ಹೇಳಿದ್ದು ಸರಿ," ಎಂದೆ. ನನ್ನ ವೃತ್ತಿಬಾಂಧವನೊಬ್ಬ ಸಿಕ್ಕಷ್ಟು ಹಿತವಾಯಿತು.

ಹೆರಾಲ್ಡ್ ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. "ಆದ್ರೆ ನನಗೆ ಆ ಸದ್ದು ಒಂದ್ಸಲ ಕೇಳ್ಬೇಕು ಲ್ಯಾಡ್. ಅವಳ ಕಾರು ಓಡೋ ಸದ್ದು. ನಾನೊಬ್ನೇ ಓಡಿಸೋದು ಅಂದ್ರೆ... ಅದು ಇಬ್ಬರ ಆಟ. ಮನೆ ತುಂಬ ಪೆಟ್ಟಿಗೆ ಬೇರೆ, ನೆಲವೇ ಇಲ್ಲ. ನೀನು ಎಂಜಿನಿಯರ್ ಅಲ್ವಾ?"

ಎಂಜಿನಿಯರ್ ಹೌದು. ಆದರೆ ಸ್ವಿಚ್ ಹಾಕುವ ಎಂಜಿನಿಯರ್ ಅಲ್ಲ. ಹಾಕಬೇಡಿ ಎಂದು ಬರೆದುಕೊಡುವ ಎಂಜಿನಿಯರ್. ಇದನ್ನು ವಿವರಿಸಲು ಬಾಯಿ ತೆರೆದೆ. ಹಿಂದಿನಿಂದ ವಾಣಿ, "ಬನ್ನಿ ಅಂಕಲ್, ನಮ್ಮನೇಲಿ ಜಾಗ ಇದೆ. ಗೊಂಬೆ ಸುತ್ತ ರಸ್ತೆ ಹಾಕೋಣ," ಎಂದುಬಿಟ್ಟಳು. ಹೆರಾಲ್ಡರಿಗೆ ಈ 'ಅಂಕಲ್' ಯಾಕೆಂದು ಇವತ್ತಿಗೂ ತಿಳಿದಿಲ್ಲ. ಅವರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, ವಾಣಿಯ ಮನೆತನಕ್ಕೂ ತಮ್ಮ ಮನೆತನಕ್ಕೂ ಹಿಂದೆ ಏನಾದರೂ ಸಂಬಂಧವಿತ್ತೇ ಎಂದು ಕೇಳಿದ್ದರು.

ಅಲ್ಲಿಂದ ಮುಂದಿನ ವಾರ ನನ್ನದು. ಕೆಂಪು ಕಾರಿನ ಮೋಟಾರು ಎಂದರೆ ಜೋನ್ ಬಿಟ್ಟುಹೋದದ್ದರಲ್ಲಿ ಈಗಲೂ ದನಿಯಿರುವುದು ಅದೊಂದೇ. ಅದು ನನ್ನ ಮನೆಯಲ್ಲಿ, ನನ್ನ ಕೈಯಲ್ಲಿ, ಸುಟ್ಟುಹೋದರೆ? ಸಂಜೆ ಸಂಜೆ ಕಾರನ್ನು ಬಿಳಿ ಟವೆಲಿನ ಮೇಲೆ ಮಲಗಿಸಿ, ವಾಣಿಯ ಹತ್ತಿಕಡ್ಡಿಯಿಂದ ಒರೆಸಿದೆ. ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಹನಿ ಹೆಚ್ಚಾಯಿತೇನೋ ಎಂದು ಒರೆಸಿದೆ. ಕಡಿಮೆಯಾಯಿತೇನೋ ಎಂದು ಮತ್ತೆ ಬಿಟ್ಟೆ.

"ಐಸಿಯುನಲ್ಲೂ ಇಷ್ಟು ನೋಡ್ಕೊಳ್ಳಲ್ಲ ರೀ," ಎಂದಳು ವಾಣಿ.

ಆಯುಧಪೂಜೆ ನಮ್ಮ ಮನೆಯಲ್ಲಿ ಪಂಚಾಂಗ ಹೇಳಿದ ದಿನ ಬರುವುದಿಲ್ಲ, ವಾಣಿಯ ರೋಟಾ, ಎಂದರೆ ಆಸ್ಪತ್ರೆಯ ಪಾಳಿಪಟ್ಟಿ, ಬಿಟ್ಟ ದಿನ ಬರುತ್ತದೆ. ಆ ವರ್ಷ ಭಾನುವಾರಕ್ಕೆ ಬಂತು. ಮುಂದಿನ ಕೋಣೆಯಲ್ಲಿ ಗೊಂಬೆಯ ಮೆಟ್ಟಿಲು, ಅದರ ಕೆಳಗೆ ಅದಿತಿ ಮಾಡಿದ ಪಾರ್ಕು, ಪಾರ್ಕಿನ ಸುತ್ತ ರಬ್ಬರಿನ ರಸ್ತೆ. ಶೆಟ್ಟಿಯ ಅಂಗಡಿಯ ಮುಂದೆ ಒಂದು ಕಡಿದಾದ ತಿರುವು. ಹೆರಾಲ್ಡ್ ಕೋಟು, ಟೈ ಹಾಕಿಕೊಂಡು ಬಂದರು. ವಾಣಿಯ ಸ್ಟೆತಾಸ್ಕೋಪು, ನನ್ನ ಲ್ಯಾಪ್‌ಟಾಪು, ಅದಿತಿಯ ಸೈಕಲ್ಲು ಎಲ್ಲಕ್ಕೂ ಕುಂಕುಮ ಬಿತ್ತು. ಹೊರಗೆ ನಿಂತ ನಮ್ಮ ಕಾರಿಗೆ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಅಂಚೆಯವ ಈಗ ಇದಕ್ಕೆಲ್ಲ ಒಗ್ಗಿದ್ದಾನೆ.

"ಇದೆಲ್ಲ ಯಾಕೆ?" ಎಂದರು ಹೆರಾಲ್ಡ್.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹತ್ತು ವರ್ಷದ ಅದಿತಿ ಉತ್ತರ ಕೊಟ್ಟಾಗಿತ್ತು: "ಇಟ್ಸ್ ಲೈಕ್ ಆನ್ ಎಂಓಟಿ, ವಿತ್ ಫ್ಲವರ್ಸ್." ಎಂಓಟಿ ಎಂದರೆ ಇಲ್ಲಿ ವಾಹನಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯವಾಗಿ ಮಾಡಿಸುವ ತಪಾಸಣೆ. ಹೆರಾಲ್ಡ್ ತಕ್ಷಣ ತಲೆಯಾಡಿಸಿದರು. ನಾನು ಇಷ್ಟು ವರ್ಷ ಆಫೀಸಿನಲ್ಲಿ ಇದನ್ನು ವಿವರಿಸಲು ಪಟ್ಟ ಪಾಡು ವ್ಯರ್ಥವೆನಿಸಿತು.

"ಹಾಗಾದ್ರೆ ಇವಕ್ಕೂ ಆಗ್ಬೇಕಲ್ಲ," ಎಂದು ಅವರು ತಗಡಿನ ಕಾರುಗಳ ಕಡೆ ನೋಡಿದರು.

"ಪೂಜೆ ಮಾಡ್ದೆ ಗಾಡಿ ಓಡಿಸ್ತಾರಾ ಅಂಕಲ್?" ಎಂದಳು ವಾಣಿ.

"ವಾಣಿ, ಸ್ವಲ್ಪ ತಡಿ. ಕುಂಕುಮ ಪುಡಿ ಅಲ್ವಾ, ಮೋಟಾರೊಳಗೆ..."

"ಹತ್ತಿಕಡ್ಡೀಲಿ ಹಚ್ತೀನಿ ರೀ. ಒಂದೇ ಒಂದು ಚುಕ್ಕೆ."

ಹಾಗೆ ಚಾಲಕರಿಬ್ಬರ ಬಟಾಣಿ ತಲೆಗೂ ಬೊಟ್ಟು ಬಿತ್ತು. ಚಕ್ರದ ಕೆಳಗಿಡಲು ನಿಂಬೆಹಣ್ಣು ತೀರ ದೊಡ್ಡದಾಯಿತು. ಅದಿತಿ ಫ್ರಿಜ್ಜಿನಿಂದ ದ್ರಾಕ್ಷಿ ತಂದಳು. ಇದೇ ಆ ದ್ರಾಕ್ಷಿ. ಟ್ರ್ಯಾಕಿನ ಮೇಲೆ ದ್ರಾಕ್ಷಿಯನ್ನು ನಾನು ಖಡಾಖಂಡಿತ ನಿರಾಕರಿಸಿದೆ. ದೂರದಲ್ಲಿ, ಪತ್ರಿಕೆಯ ಮೇಲೆ, ಕಾರನ್ನು ಕೈಯಲ್ಲೇ ತಳ್ಳಿ ದ್ರಾಕ್ಷಿ ಅಪ್ಪಚ್ಚಿ ಮಾಡಿ, ಚಕ್ರವನ್ನು ನಾನೇ ಒರೆಸಿ ಒಣಗಿಸಿದೆ. ನನ್ನ ಮಟ್ಟಿಗೆ ಅಪಾಯಗಳೆಲ್ಲ ಮುಗಿದವು. ಕಾರುಗಳನ್ನು ಸೀಳಿನಲ್ಲಿ ಇಳಿಸಿದೆ.

"ಹಿರಿಯರು ನೀವು. ನೀವೇ ಅಕ್ಷತೆ ಹಾಕ್ಬಿಡಿ," ಎಂದು ವಾಣಿ ಹೆರಾಲ್ಡರ ಅಂಗೈಗೆ ಅರಿಸಿನದ ಅಕ್ಕಿ ಕೊಟ್ಟಳು.

ಅವರು ಅದನ್ನು ನೋಡುತ್ತಾ ನಿಂತರು. "ಅಕ್ಕಿ," ಎಂದರು. "ನಾವು ಚರ್ಚಿನಿಂದ ಹೊರಗೆ ಬಂದಾಗ ನಮ್ಮ ಮೇಲೂ ಇದನ್ನೇ ಎರಚಿದ್ರು. ಅವಳ ಕೂದಲಲ್ಲಿ ಆಮೇಲೆ ಎಷ್ಟೋ ದಿನ ಸಿಗ್ತಿತ್ತು."

ನಮ್ಮಲ್ಲಿ ಅಕ್ಷತೆಯನ್ನು ತುದಿಬೆರಳಲ್ಲಿ ಹಿಡಿದು ಮೆಲ್ಲಗೆ ಉದುರಿಸುತ್ತೇವೆ. ಹೆರಾಲ್ಡರಿಗೆ ಗೊತ್ತಿದ್ದದ್ದು ಚರ್ಚಿನ ಬಾಗಿಲಿನ ಪದ್ಧತಿ. ಅವರು ಕೈಯನ್ನು ಹಿಂದಕ್ಕೆಳೆದು, ಮದುಮಗಳ ಮೇಲೆ ಎರಚುವ ಹಾಗೆ, ಕೆಂಪು ಕಾರಿನ ಮೇಲೆ ಇಡೀ ಬೊಗಸೆಯನ್ನು ಎರಚಿದರು. ಪಟ್ಟದ ಗೊಂಬೆಯವರೆಗೂ ಹೋಯಿತು. ಅದಿತಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ, ಆ ಗಳಿಗೆಯಲ್ಲಿ ನನಗೆ ಯಾವ ಕೊಳವೆಯೂ ನೆನಪಾಗಲಿಲ್ಲ. ಆಮೇಲೆ ಎಲ್ಲರೂ ಸೇರಿ ರಸ್ತೆಯ ಮೇಲಿನ ಕಾಳನ್ನು ಕೈಯಿಂದ ಸವರಿ ತೆಗೆದೆವು.

ಹಸಿರಿನ ಗುಂಡಿ ಹೆರಾಲ್ಡರದು. ಕೆಂಪಿನದನ್ನು ಅವರು ಅದಿತಿಯ ಕೈಗಿಟ್ಟರು. "ಮೊದ್ಲು ನೀನೊಬ್ಳೇ ಒಂದು ಸುತ್ತು ಬಾ ಲವ್. ತಿರುವಿಗೆ ಮುಂಚೆ ಬೆರಳು ಬಿಡು."

ಅದಿತಿ ನನ್ನ ಮುಖ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಬೇರೆ ಯಾವ ಸುರಕ್ಷತಾ ಕ್ರಮವೂ ಉಳಿದಿರಲಿಲ್ಲ.

ಮೊದಲು ಏನೂ ಇಲ್ಲ. ಆಮೇಲೆ ಒಂದು ಗೊರಗೊರ, ಮುದುಕರು ಎದ್ದು ಕೂರುವ ಹಾಗೆ. ಬಿಸಿ ಎಣ್ಣೆಯ ವಾಸನೆ. ಮತ್ತೆ, ಝುಂಯ್.

ಅದೇ ಸದ್ದು. ಗೋಡೆಯಾಚೆ ಕೇಳುತ್ತಿದ್ದದ್ದು ಈಗ ಗೋಡೆಯೀಚೆ. ಏರಿತು, ಶೆಟ್ಟಿಯ ಅಂಗಡಿಯ ಹತ್ತಿರ ತಗ್ಗಿತು, ಮತ್ತೆ ಏರಿತು. ಕಣ್ಣು ಬಿಟ್ಟಾಗ ಹೆರಾಲ್ಡ್ ಕಾರನ್ನು ನೋಡುತ್ತಿರಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ, ಕಿಟಕಿಯ ಕಡೆ ಮುಖಮಾಡಿ ಕೇಳುತ್ತಿದ್ದರು. ಹೊಗೆಯಿಲ್ಲ, ಕಿಡಿಯಿಲ್ಲ. ಕಾರು ಸುತ್ತು ಮುಗಿಸಿ ಬಂದು ನಿಂತಿತು.

"ಸರಿ," ಎಂದರು, ಮೂಗೊರೆಸಿಕೊಂಡು. "ಈಗ ಪಂದ್ಯ. ಇವತ್ತು ಅವಳಿಲ್ಲ. ಇವತ್ತು ನಾನೇ ಗೆಲ್ಲೋದು."

"ಇನ್ ಯುವರ್ ಡ್ರೀಮ್ಸ್, ಅಂಕಲ್," ಎಂದಳು ನನ್ನ ಮಗಳು.

ಎರಡೂ ಹೊರಟವು. ಕೊನೆಯ ಸುತ್ತಿಗೆ ಬಂದಾಗ ಹಸಿರು ಗೇಣು ಮುಂದಿತ್ತು. ಹೆರಾಲ್ಡ್ ಮೆತ್ತೆಯ ಮೇಲೆ ಮಂಡಿಯೂರಿ, ಟೈ ಭುಜದ ಹಿಂದಕ್ಕೆಸೆದು, "ನೋಡು, ನೋಡು, ಒಂದ್ಸಲ ಆದ್ರೂ..." ಎನ್ನುತ್ತಿದ್ದರು. ವಾಣಿ "ಅಂಕಲ್, ಬೆರಳು ಬಿಡಿ, ಬಿಡಿ!" ಎಂದು ಕೂಗುತ್ತಿದ್ದಳು. ಅಚ್ಚರಿಯೆಂದರೆ ಈ ಸಲ ಅವರು ಬಿಟ್ಟರು, ಸರಿಯಾದ ಜಾಗದಲ್ಲೇ ಬಿಟ್ಟರು, ಮತ್ತೆ ಒತ್ತಿದರು. ಶೆಟ್ಟಿಯ ಅಂಗಡಿಯ ಮುಂದೆ ಹಸಿರು ಕಾರು ಟಕ್ಕೆಂದು ನಿಂತುಬಿಟ್ಟಿತು. ಒತ್ತಿದರು. ಮತ್ತೆ ಒತ್ತಿದರು. ಪಕ್ಕದಿಂದ ಕೆಂಪು ಕಾರು, ಹಣೆಯಲ್ಲಿ ಕುಂಕುಮ ಹೊತ್ತು, ಝುಂಯ್ ಎಂದು ದಾಟಿಹೋಗಿ ಗೆದ್ದಿತು.

ನಾನು ನೆಲಕ್ಕೆ ಬಿದ್ದು, ಕಾರನ್ನೆತ್ತಿ, ಸೀಳಿನೊಳಗೆ ಕಣ್ಣಿಟ್ಟೆ. ಹೊಟ್ಟೆಯ ಚಕ್ರ ಪಟ್ಟಿಯನ್ನು ಮುಟ್ಟದಂತೆ ಮೇಲೆತ್ತಿ ಹಿಡಿದ ಹಳದಿ ಚೂರೊಂದು, ಸುತ್ತುಸುತ್ತಿಗೂ ಚಕ್ರದ ಮುಂದೆ ಜರುಗುತ್ತಾ ಬಂದು, ಅಲ್ಲಿ ಕಚ್ಚಿಕೊಂಡಿತ್ತು. ತಕ್ಷಣ ಉಗುರು ಹಾಕಿದೆ.

"ಮುಟ್ಟಬೇಡ ಲ್ಯಾಡ್," ಎಂದರು ಹೆರಾಲ್ಡ್. ಅವರು ನಗುತ್ತಿದ್ದರು, ಹೊಟ್ಟೆ ಹಿಡಿದುಕೊಂಡು, ಸೋಫಾಕ್ಕೆ ಒರಗಿ, ಕೆಮ್ಮು ಬರುವಷ್ಟು. "ಇರ್ಲಿ ಬಿಡು. ಗೆಲ್ಲೋಕೆ ಅವಳು ಏನ್ ಬೇಕಾದ್ರೂ ಮಾಡೋಳು."

ಕಾರುಗಳು ಗಾಜಿನೊಳಗೆ ಹೋಗಲಿಲ್ಲ. ಕೆಂಪು, ಹಸಿರು ಎರಡೂ ಹೆರಾಲ್ಡರ ಜೊತೆ ಕಡಲತೀರಕ್ಕೆ ಹೋದವು. ಹೊರಡುವ ದಿನ ಅವರು ಶೆಟ್ಟಿಯ ಅಂಗಡಿಯ ಮುಂದಿದ್ದ ಈ ಬಾಗಿದ ತುಂಡನ್ನು ಮಾತ್ರ ಪತ್ರಿಕೆಯಲ್ಲಿ ಸುತ್ತಿ ಅದಿತಿಗೆ ಕೊಟ್ಟರು. ಇದಿಲ್ಲದೆ ಅವರ ರಸ್ತೆ ಕೂಡಿಕೊಳ್ಳುವುದಿಲ್ಲ. "ಅದಕ್ಕೇ ಕೊಟ್ಟಿದ್ದು," ಎಂದರು. "ಆಡ್ಬೇಕು ಅಂದ್ರೆ ನೀವು ಬರ್ಲೇಬೇಕಲ್ಲ."

ಹಾಗಾಗಿ ಪ್ರತಿ ವರ್ಷ ದಸರೆಯಾದ ಮೇಲೆ ಒಂದು ಭಾನುವಾರ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇವೆ. ದಾರಿಯುದ್ದಕ್ಕೂ ಮೋಟಾರ್‌ವೇಯಲ್ಲಿ ಆಗಬಹುದಾದುದನ್ನೆಲ್ಲ ನಾನು ಯೋಚಿಸುತ್ತಿರುತ್ತೇನೆ. ಅದಿತಿಗೀಗ ಹದಿನಾರು, ಅವಳ ಕೈಯಲ್ಲಿ ಕೆಂಪಿನ ಗುಂಡಿ. ಹಸಿರು ಕಾರು ಪ್ರತಿ ಸಲ ಅದೇ ತಿರುವಿನಲ್ಲಿ ನಿಲ್ಲುತ್ತದೆ, ಹೆರಾಲ್ಡ್ ಪ್ರತಿ ಸಲ ಹೆಂಡತಿಯನ್ನು ಬೈಯುತ್ತಾರೆ. ತೆಗೆದುಬಿಡಲೇ ಎಂದರೆ ಬೇಡವೆನ್ನುತ್ತಾರೆ.

ಮೊನ್ನೆ ಮೆಟ್ಟಿಲ ಮೇಲೆ ಕುಳಿತು ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಹಳದಿ ಮಾಸಿದೆ, ಆದರೆ ಅಲ್ಲೇ ಇದೆ. ಬೆಂಕಿ, ಹೊಗೆ, ಬ್ಯಾಟರಿ, ದ್ರಾಕ್ಷಿ ಎಲ್ಲವನ್ನೂ ಯೋಚಿಸಿದ್ದ ನನಗೆ ಹೊಳೆಯದೆ ಹೋದದ್ದು, ಆ ದಿನ ನಿಜವಾಗಿ ಕೆಟ್ಟದ್ದು ಅದೊಂದೇ: ಸೀಳಿನಲ್ಲಿ ಒಂದು ಅಕ್ಕಿಕಾಳು.